ಚಿಮಣಿ ಇಲ್ಲದ ಕರೆಂಟಿಗೂ ಹೊಗೆಯ ಲೆಕ್ಕವಿದೆ

ಸೋಲಾರ್ ಬಗ್ಗೆ ಯಾರಾದರೂ ಒಂದು ಒಳ್ಳೆಯ ಮಾತಾಡಿದರೆ ಸಾಕು, ಇನ್ನೊಬ್ಬರು ತಡೆದು ಕೇಳುತ್ತಾರೆ: ‘ಆ ಪ್ಯಾನೆಲ್ ಮಾಡೋಕೆ ಎಷ್ಟು ಕಲ್ಲಿದ್ದಲು ಸುಡ್ತಾರೆ ಗೊತ್ತಾ?’ ಅಣುವಿದ್ಯುತ್ತಿನ ಮಾತು ಬಂದರೆ ಯುರೇನಿಯಂ ಗಣಿ ಎದ್ದು ಬರುತ್ತದೆ. ಗಾಳಿಯಂತ್ರ ಅಂದರೆ ಅದರ ಉಕ್ಕು, ಕಾಂಕ್ರೀಟು. ಪ್ರಶ್ನೆಗಳೆಲ್ಲ ನ್ಯಾಯವಾದವೇ. ಬೇಸರ ಏನೆಂದರೆ, ಕೇಳಿದವರು ಉತ್ತರಕ್ಕೆ ಕಾಯುವುದೇ ಇಲ್ಲ. ಉತ್ತರ ಇದೆ, ಅದೂ ಗ್ರಾಂ ಲೆಕ್ಕದಲ್ಲಿ. ಆ ಲೆಕ್ಕವನ್ನು ಹೇಗೆ ಹಾಕಬೇಕು ಎನ್ನುವುದಕ್ಕೆ ಅಂತರರಾಷ್ಟ್ರೀಯ ಮಾನದಂಡವೂ ಇದೆ.

ವಿಧಾನದ ಹೆಸರು ಜೀವನಚಕ್ರ ಮೌಲ್ಯಮಾಪನ. ಈ ಕೆಲಸದಲ್ಲಿರುವವರು ಸುಮ್ನೆ ‘ಎಲ್‌ಸಿಎ’ ಅನ್ನುತ್ತಾರೆ. ಅದರ ಮೂಲ ಕರೆಂಟಿನಲ್ಲಿಲ್ಲ, ತಂಪು ಪಾನೀಯದ ಬಾಟಲಿಯಲ್ಲಿದೆ. 1969ರಲ್ಲಿ ಕೋಕಾ-ಕೋಲಾ ಕಂಪನಿ, ಯಾವ ಬಗೆಯ ಬಾಟಲಿ ಅಥವಾ ಡಬ್ಬಿ ಬಳಸಿದರೆ ಎಷ್ಟು ಕಚ್ಚಾವಸ್ತು, ಎಷ್ಟು ಇಂಧನ, ಎಷ್ಟು ಕಸ ಆಗುತ್ತದೆ ಎಂದು ಅಮೆರಿಕದ ಮಿಡ್‌ವೆಸ್ಟ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಿಂದ ಲೆಕ್ಕ ಹಾಕಿಸಿತು. ಅಲ್ಲಿಂದ ಬೆಳೆದ ವಿಧಾನಕ್ಕೆ ಈಗ ಐಎಸ್‌ಒ 14040 ಮತ್ತು 14044 ಎಂಬ ಎರಡು ಮಾನದಂಡಗಳಿವೆ. ಎರಡರ ಈಗಿನ ರೂಪವೂ 2006ರದ್ದು.

ಕರೆಂಟಿನ ವಿಷಯಕ್ಕೆ ಬಂದರೆ ಕೆಲಸ ಹೀಗೆ. ಗಣಿಯಿಂದ ಶುರು ಮಾಡಿ. ಅದಿರು ಅಗೆಯುವುದು, ಕರಗಿಸುವುದು, ಸಾಗಿಸುವುದು, ಸ್ಥಾವರ ಕಟ್ಟುವುದು, ಇಂಧನ ತರುವುದು, ಸುಡುವುದು, ರಿಪೇರಿ ಮಾಡುವುದು, ಕೊನೆಗೆ ಕೆಡವಿ ವಿಲೇವಾರಿ ಮಾಡುವುದು. ಇಷ್ಟೂ ಹಂತಗಳಲ್ಲಿ ಹೊರಬಂದ ಹಸಿರುಮನೆ ಅನಿಲಗಳನ್ನು ಕೂಡಿ. ಆ ಸ್ಥಾವರ ತನ್ನ ಆಯುಷ್ಯದಲ್ಲಿ ಕೊಡುವ ಒಟ್ಟು ಯೂನಿಟ್‌ಗಳಿಂದ ಭಾಗಿಸಿ. ಸಿಗುವುದು ಒಂದು ಯೂನಿಟ್‌ಗೆ ಇಷ್ಟು ಗ್ರಾಂ ಇಂಗಾಲದ ಡೈಆಕ್ಸೈಡ್, ಅಥವಾ ಅದಕ್ಕೆ ಸಮನಾದ ಬೇರೆ ಅನಿಲ.

ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಮಂಡಳಿಯಾದ ಐಪಿಸಿಸಿ 2014ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟು ಮಾಡಿ ಕೊಟ್ಟ ನಡುಬೆಲೆಗಳು (ಅಂಕಿಗಳನ್ನು ಸಾಲಾಗಿ ಜೋಡಿಸಿದರೆ ನಟ್ಟನಡುವೆ ಬರುವವು) ಇವತ್ತಿಗೂ ಎಲ್ಲ ಕಡೆ ಓಡಾಡುತ್ತಿವೆ. ಕಲ್ಲಿದ್ದಲಿಗೆ ಯೂನಿಟ್‌ಗೆ 820 ಗ್ರಾಂ. ಆಧುನಿಕ ಅನಿಲ ಸ್ಥಾವರಕ್ಕೆ 490. ಸೌದೆ, ಬೆಳೆ ತ್ಯಾಜ್ಯದಂಥ ಜೀವರಾಶಿಗೆ 230. ದೊಡ್ಡ ಸೋಲಾರ್ ಪಾರ್ಕಿಗೆ 48, ಚಾವಣಿ ಸೋಲಾರಿಗೆ 41. ಭೂಶಾಖಕ್ಕೆ 38, ಜಲವಿದ್ಯುತ್ತಿಗೆ 24. ಅಣುವಿದ್ಯುತ್ತಿಗೆ 12, ನೆಲದ ಮೇಲಿನ ಗಾಳಿಯಂತ್ರಕ್ಕೆ 11. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗ 2021ರಲ್ಲಿ ಹೊಸದಾಗಿ ಮಾಡಿದ ಲೆಕ್ಕ ನಡುಬೆಲೆ ಕೊಡದೆ ಹರವು ಕೊಟ್ಟಿತು. ಕಲ್ಲಿದ್ದಲು 751ರಿಂದ 1095. ಅನಿಲ 403ರಿಂದ 513. ಸೋಲಾರ್ ಪ್ಯಾನೆಲ್ 8ರಿಂದ 83. ಜಲವಿದ್ಯುತ್ 6ರಿಂದ 147. ಅಣು 5.1ರಿಂದ 6.4.

ಈ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಕಾಣುವುದು ಎರಡು ಬೇರೆ ಬೇರೆ ಸಂಗತಿ. ಕಲ್ಲಿದ್ದಲಿಗೂ ಸೋಲಾರ್-ಗಾಳಿ-ಅಣುವಿಗೂ ನಡುವಿನ ಅಂತರ ಎಷ್ಟು ದೊಡ್ಡದೆಂದರೆ, ಲೆಕ್ಕ ಹಾಕುವವರು ಹೇಗೆ ತಿರುಚಿದರೂ ಅದು ಮುಚ್ಚುವುದಿಲ್ಲ. ಸೋಲಾರಿನ ಅತಿ ಕೆಟ್ಟ ಅಂಕಿ 83, ಕಲ್ಲಿದ್ದಲಿನ ಅತಿ ಒಳ್ಳೆಯ ಅಂಕಿ 751. ಒಂಬತ್ತು ಪಟ್ಟು. ಆ ವಾದ ಮುಗಿದಿದೆ ಎಂದೇ ಹೇಳಬೇಕು. ಆದರೆ ಪಟ್ಟಿಯ ಕೆಳಗಿನ ತುದಿಯಲ್ಲಿ, ಐದು ಗ್ರಾಂ ಹತ್ತು ಗ್ರಾಂಗಳ ನಡುವೆ ಯಾರು ಮೇಲು ಎಂದು ನಡೆಯುವ ಜಗಳ ಬೇರೆಯ ಥರದ್ದು. ಅಲ್ಲಿ ತಂತ್ರಜ್ಞಾನಕ್ಕಿಂತ ಜಾಸ್ತಿ, ಲೆಕ್ಕಕ್ಕೆ ಕೂತವರು ಏನನ್ನು ಸೇರಿಸಿದರು, ಏನನ್ನು ಬಿಟ್ಟರು, ಯಾವ ವರ್ಷದ ಮಾಹಿತಿ ಹಿಡಿದರು ಎನ್ನುವುದು ಮಾತಾಡುತ್ತದೆ.

ಪ್ಯಾನೆಲ್ಲಿನ ಹೊಗೆ ಎಲ್ಲಿಂದ ಬರುತ್ತದೆ

ಸೋಲಾರ್ ಇದಕ್ಕೆ ಒಳ್ಳೆಯ ಉದಾಹರಣೆ. ಪ್ಯಾನೆಲ್ ಬಿಸಿಲಿಗೆ ಹೋದಮೇಲೆ ಏನನ್ನೂ ಸುಡುವುದಿಲ್ಲ. ಅದರ ಹೊಗೆಯೆಲ್ಲ ಹುಟ್ಟುವ ಮೊದಲಿನದು. ಬಿಳಿ ಕಲ್ಲಿನಂಥ ಕ್ವಾರ್ಟ್ಜನ್ನು ಇದ್ದಿಲಿನ ಜೊತೆ ಹಾಕಿ, ವಿದ್ಯುತ್ ಕುಲುಮೆಯಲ್ಲಿ ಸುಮಾರು 2000 ಡಿಗ್ರಿಗೆ ಕಾಯಿಸಿದರೆ ಸಿಲಿಕಾನ್ ಸಿಗುತ್ತದೆ. ಅದು ಸಾಲದು. ಅದನ್ನು ಅನಿಲವಾಗಿಸಿ, ಶುದ್ಧಮಾಡಿ, ಮತ್ತೆ ಗಟ್ಟಿಯಾಗಿಸಬೇಕು. ಪುನಃ ಕರಗಿಸಿ ನಿಧಾನಕ್ಕೆ ಒಂದೇ ಹರಳಿನ ದಿಮ್ಮಿಯಾಗಿ ಎಳೆಯಬೇಕು. ಆಮೇಲೆ ಹಾಳೆಗಳಾಗಿ ಸೀಳಬೇಕು. ಪ್ರತಿ ಹಂತವೂ ಕರೆಂಟು ತಿನ್ನುತ್ತದೆ. ಜೊತೆಗೆ ಗಾಜು ಮತ್ತು ಅಲ್ಯೂಮಿನಿಯಂ ಚೌಕಟ್ಟು. ಅಲ್ಯೂಮಿನಿಯಂ ಅಂತೂ ಕರೆಂಟಿನಿಂದಲೇ ಹುಟ್ಟುವ ಲೋಹ.

ಹಾಗಾಗಿ ಪ್ಯಾನೆಲ್ಲಿನ ಗ್ರಾಂ ಲೆಕ್ಕ ನಿಂತಿರುವುದು ಅದನ್ನು ಮಾಡಿದ ಊರಿನ ಕರೆಂಟಿನ ಮೇಲೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ 2022ರ ವರದಿಯಂತೆ ಪ್ಯಾನೆಲ್ ತಯಾರಿಕೆಯ ಎಲ್ಲ ಹಂತಗಳಲ್ಲೂ ಚೀನಾದ ಪಾಲು ಶೇ. 80ಕ್ಕಿಂತ ಹೆಚ್ಚು. ಚೀನಾದ ಗ್ರಿಡ್ಡಿನಲ್ಲಿ ಅತಿ ದೊಡ್ಡ ಪಾಲು ಕಲ್ಲಿದ್ದಲಿನದು. ಅಂದರೆ ಆರಂಭದ ಆಕ್ಷೇಪದಲ್ಲಿ ಸತ್ಯವಿದೆ: ಇವತ್ತಿನ ಪ್ಯಾನೆಲ್ಲಿನ ಒಳಗೆ ಕಲ್ಲಿದ್ದಲು ಕೂತಿದೆ. ಆದರೆ ಕೂತಿರುವುದು ಎಷ್ಟು? ಜರ್ಮನಿಯ ಫ್ರೌನ್‌ಹೋಫರ್ ಸೌರಶಕ್ತಿ ಸಂಸ್ಥೆಯ ಅಂದಾಜಿನಂತೆ, ಚಾವಣಿ ಮೇಲಿನ ಪ್ಯಾನೆಲ್ ತನ್ನ ತಯಾರಿಕೆಗೆ ತಗುಲಿದ ಶಕ್ತಿಯನ್ನು ತೀರಿಸಲು ಜಾಗ ನೋಡಿಕೊಂಡು ಅರ್ಧ ವರ್ಷದಿಂದ ಒಂದೂವರೆ ವರ್ಷದ ಒಳಗಿನ ಸಮಯ ಸಾಕು. ಅದರ ಆಯುಷ್ಯ 25-30 ವರ್ಷ.

ಹಾಗಾದರೆ ‘ಪ್ಯಾನೆಲ್ ಕೊಡುವ ಕರೆಂಟಿಗಿಂತ ಅದು ತಿನ್ನುವುದೇ ಜಾಸ್ತಿ’ ಎಂಬ ಮಾತು ಹೇಗೆ ಇಷ್ಟು ವರ್ಷ ಬದುಕಿದೆ? ಒಂದು ಕಾರಣ, ಹಳೇ ಅಂಕಿಗಳಿಗೆ ಸಾವಿಲ್ಲ. 2004ರ ಸುಮಾರಿಗೆ ಒಂದು ವ್ಯಾಟ್ ಪ್ಯಾನೆಲ್ಲಿಗೆ 16 ಗ್ರಾಂ ಸಿಲಿಕಾನ್ ಬೇಕಿತ್ತು. ಈಗ 3 ಗ್ರಾಂಗಿಂತ ಕಡಿಮೆ. ಹಾಳೆ ತೆಳುವಾಯಿತು, ವಜ್ರದ ಪುಡಿ ಮೆತ್ತಿದ ತಂತಿಯಿಂದ ಸೀಳುವುದರಿಂದ ಪುಡಿಯಾಗಿ ಹೋಗುವುದು ಕಡಿಮೆಯಾಯಿತು, ಅದೇ ಹಾಳೆ ಹೆಚ್ಚು ಬೆಳಕನ್ನು ಕರೆಂಟಾಗಿಸಲು ಕಲಿಯಿತು. ಇಪ್ಪತ್ತು ವರ್ಷದ ಹಿಂದಿನ ಅಧ್ಯಯನ ಆಗ ಸರಿಯಾಗಿಯೇ ಇತ್ತು. ಇವತ್ತಿನ ಪ್ಯಾನೆಲ್ಲಿಗೆ ಅದನ್ನು ತಂದು ಅಂಟಿಸುವುದು ತಪ್ಪು. ಇಷ್ಟು ಬೇಗ ಬದಲಾಗುವ ತಂತ್ರಜ್ಞಾನಕ್ಕೆ ಯಾವ ಸರಾಸರಿಯೂ ಅಚ್ಚಾಗುವ ಹೊತ್ತಿಗೆ ಹಳತಾಗಿರುತ್ತದೆ. ಐಪಿಸಿಸಿಯ ಆ 48 ಗ್ರಾಂ ಕೂಡ ಹಾಗೆಯೇ.

ಇನ್ನೊಂದು ಕಾರಣ ಭಾಗಾಕಾರದಲ್ಲಿದೆ. ಒಂದು ಕಿಲೋವ್ಯಾಟ್ ಪ್ಯಾನೆಲ್ ತಯಾರಿಸಿ ನಿಲ್ಲಿಸುವಾಗ ಒಂದು ಟನ್ ಇಂಗಾಲದ ಡೈಆಕ್ಸೈಡ್ ಹೊರಬಿತ್ತು ಎಂದಿಟ್ಟುಕೊಳ್ಳಿ. ಒಳ್ಳೆ ಬಿಸಿಲಿರುವ ಕಡೆ ಅದು ವರ್ಷಕ್ಕೆ 1700 ಯೂನಿಟ್ ಕೊಟ್ಟು 30 ವರ್ಷ ಬಾಳಿದರೆ ಒಟ್ಟು 51,000 ಯೂನಿಟ್. ಯೂನಿಟ್‌ಗೆ ಸುಮಾರು 20 ಗ್ರಾಂ. ಅದೇ ಪ್ಯಾನೆಲ್ಲನ್ನು ಮೋಡದ ನಾಡಿಗೆ ಒಯ್ದು ವರ್ಷಕ್ಕೆ 900 ಯೂನಿಟ್ ಅಂದರೆ 37 ಗ್ರಾಂ. ಅಲ್ಲೇ 20 ವರ್ಷಕ್ಕೆ ಕಿತ್ತು ಹಾಕಿದರೆ 56 ಗ್ರಾಂ. ಪ್ಯಾನೆಲ್ ಒಂದೇ, ಕಾರ್ಖಾನೆ ಒಂದೇ, ಹೊಗೆ ಒಂದೇ. ಅಂಕಿ ಹತ್ತಿರಹತ್ತಿರ ಮೂರು ಪಟ್ಟು ಬೇರೆ. ಯಾರಾದರೂ ನಿಮಗೆ ಸೋಲಾರಿನ ಗ್ರಾಂ ಲೆಕ್ಕ ಹೇಳಿದರೆ, ‘ಎಲ್ಲಿಯ ಬಿಸಿಲು, ಎಷ್ಟು ವರ್ಷದ ಆಯುಷ್ಯ?’ ಎಂದು ಕೇಳದೆ ನಂಬಬೇಡಿ.

ಗಾಳಿಯಂತ್ರದ್ದೂ ಇದೇ ಕತೆ, ಇನ್ನೂ ಸರಳ. ಉಕ್ಕಿನ ಕಂಬ, ಕಾಂಕ್ರೀಟಿನ ಅಡಿಪಾಯ, ಫೈಬರ್‌ಗ್ಲಾಸಿನ ರೆಕ್ಕೆ. ಹೊಗೆಯ ಬಹುಪಾಲು ಇವುಗಳದೇ. ಗಾಳಿ ಚೆನ್ನಾಗಿರುವ ಕಡೆ ನಿಲ್ಲಿಸಿದರೆ ಅಂಕಿ ಇಳಿಯುತ್ತದೆ. ಅದರ ಬಗ್ಗೆ ದೊಡ್ಡ ತಕರಾರು ಉಳಿದಿಲ್ಲ.

ಅನಿಲದ ಲೆಕ್ಕದಲ್ಲಿ ಸೋರುವುದು

ನಿಜವಾಗಿ ಎಚ್ಚರದಿಂದ ನೋಡಬೇಕಾದ್ದು ನೈಸರ್ಗಿಕ ಅನಿಲ. ಕಲ್ಲಿದ್ದಲಿನ ಅರ್ಧದಷ್ಟೇ ಹೊಗೆ ಎಂಬ ಹೆಸರು ಅದಕ್ಕಿದೆ. ಚಿಮಣಿಯ ಬಾಯಲ್ಲಿ ನಿಂತು ಅಳೆದರೆ ನಿಜ. ಆದರೆ ಈ ಅನಿಲ ಮುಖ್ಯವಾಗಿ ಮೀಥೇನ್. ಸುಡದೆ ಹಾಗೇ ಗಾಳಿಗೆ ಸೇರಿದರೆ, ಐಪಿಸಿಸಿಯ ಆರನೇ ವರದಿಯಂತೆ ಅದು ಇಂಗಾಲದ ಡೈಆಕ್ಸೈಡಿಗಿಂತ ನೂರು ವರ್ಷದ ಲೆಕ್ಕದಲ್ಲಿ ಸುಮಾರು 30 ಪಟ್ಟು, ಇಪ್ಪತ್ತು ವರ್ಷದ ಲೆಕ್ಕದಲ್ಲಿ 82 ಪಟ್ಟು ಬಿಸಿ ಹಿಡಿದಿಡುತ್ತದೆ.

ನಾವೇ ಒಂದು ಲೆಕ್ಕ ಹಾಕೋಣ. ಶೇ. 55ರಷ್ಟು ದಕ್ಷತೆಯ ಸ್ಥಾವರ ಒಂದು ಯೂನಿಟ್‌ಗೆ ಸುಮಾರು 130 ಗ್ರಾಂ ಮೀಥೇನ್ ಸುಡುತ್ತದೆ. ಅದರಿಂದ ಸುಮಾರು 360 ಗ್ರಾಂ ಇಂಗಾಲದ ಡೈಆಕ್ಸೈಡ್. ಈಗ ಬಾವಿಯಿಂದ ಸ್ಥಾವರದವರೆಗಿನ ದಾರಿಯಲ್ಲಿ ಶೇ. 3 ಸೋರಿತು ಅನ್ನಿ. ಅದು ಬರೀ ನಾಲ್ಕು ಗ್ರಾಂ. ಆದರೆ ನೂರು ವರ್ಷದ ಲೆಕ್ಕದಲ್ಲಿ 120 ಗ್ರಾಂ ಸೇರಿ ಒಟ್ಟು 480 ಆಗುತ್ತದೆ. ಇಪ್ಪತ್ತು ವರ್ಷದ ಲೆಕ್ಕದಲ್ಲಿ 330 ಸೇರಿ 690. ಕಲ್ಲಿದ್ದಲಿನ ಪಕ್ಕಕ್ಕೇ ಬಂತು, ಅಲ್ವಾ? ಸೋರಿಕೆ ಶೇ. 1ಕ್ಕೆ ಇಳಿದರೆ ಚಿತ್ರ ಮತ್ತೆ ಬೇರೆ. ಹಾಗಾಗಿ ‘ಅನಿಲ ಒಳ್ಳೆಯದಾ?’ ಎಂದು ಕೇಳಿದರೆ ತಂತ್ರಜ್ಞಾನದ ಪುಸ್ತಕದಲ್ಲಿ ಉತ್ತರ ಸಿಗುವುದಿಲ್ಲ. ಯಾವ ಬಾವಿ, ಯಾವ ಪೈಪು, ಯಾರು ಕವಾಟ ಬಿಗಿ ಮಾಡುತ್ತಾರೆ ಎಂದು ನೋಡಬೇಕು. ನ್ಯಾಯಕ್ಕೆ ಇನ್ನೊಂದು ಮಾತು: ಕಲ್ಲಿದ್ದಲು ಗಣಿಗಳಿಂದಲೂ ಮೀಥೇನ್ ಬರುತ್ತದೆ. ಅದನ್ನು ಬಿಟ್ಟು ಅನಿಲವನ್ನಷ್ಟೇ ದೂರಿದರೆ ಆ ಲೆಕ್ಕವೂ ಮೋಸದ್ದೇ.

ಇಪ್ಪತ್ತೋ ನೂರೋ ಎಂದು ತೀರ್ಮಾನಿಸುವುದು ವಿಜ್ಞಾನದ ಕೆಲಸವಲ್ಲ. ನಾವು ಯಾರ ಕಾಲದ ಬಿಸಿಯ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳುತ್ತೇವೆ ಎನ್ನುವುದರ ಮೇಲೆ ಅದು ನಿಂತಿದೆ. ಹೆಚ್ಚಿನ ವರದಿಗಳು ನೂರನ್ನು ಆರಿಸಿಕೊಂಡು ಮುಂದೆ ಹೋಗುತ್ತವೆ. ಎರಡನ್ನೂ ಕೊಡದ ವರದಿಯನ್ನು ನಾನು ಅರ್ಧ ವರದಿ ಎಂದೇ ಓದುತ್ತೇನೆ.

ಇದೇ ಸೋರಿಕೆ ಇನ್ನೊಂದು ಕಡೆ ತಲೆ ಹಾಕುತ್ತದೆ. ಚಿಮಣಿಯಿಂದ ಹೊಗೆ ಹಿಡಿದು ನೆಲದೊಳಗೆ ಹೂಳುವ ವಿಧಾನಕ್ಕೆ ಶೇ. 90ರಷ್ಟು ಹಿಡಿಯುತ್ತದೆ ಎಂಬ ಹೆಸರಿದೆ. ಆದರೆ ಯುರೋಪ್ ಆರ್ಥಿಕ ಆಯೋಗದ 2021ರ ವರದಿಯಲ್ಲಿ ಇಂಥ ಕಲ್ಲಿದ್ದಲು ಸ್ಥಾವರದ ಅಂಕಿ 147ರಿಂದ 469. ತೊಂಬತ್ತು ಹೋಗಿ ಹತ್ತು ಉಳಿಯಬೇಕಿತ್ತಲ್ಲ? ಹಿಡಿಯುವ ಯಂತ್ರವೇ ಸ್ಥಾವರದ ಕರೆಂಟಿನ ಒಂದು ಪಾಲು ತಿನ್ನುತ್ತದೆ. ಅಂದರೆ ಅದೇ ಯೂನಿಟ್‌ಗೆ ಇನ್ನೂ ಹೆಚ್ಚು ಕಲ್ಲಿದ್ದಲು ಅಗೆಯಬೇಕು. ಗಣಿಯ ಮೀಥೇನಂತೂ ಚಿಮಣಿಯ ಹತ್ತಿರಕ್ಕೇ ಬರುವುದಿಲ್ಲ.

ಒಂದೇ ಹೆಸರಿನ ಎರಡು ಅಣೆಕಟ್ಟು

ಜಲವಿದ್ಯುತ್ತಿನ ನಡುಬೆಲೆ 24 ಗ್ರಾಂ ಎಂಬ ಅಂಕಿಯಷ್ಟು ದಾರಿ ತಪ್ಪಿಸುವ ಅಂಕಿ ಈ ಪಟ್ಟಿಯಲ್ಲಿ ಇನ್ನೊಂದಿಲ್ಲ. ಐಪಿಸಿಸಿಯೇ ಅದರ ಪಕ್ಕದಲ್ಲಿ ಹರವು ಕೊಟ್ಟಿದೆ: 1ರಿಂದ 2200. ಎರಡು ಸಾವಿರದ ಇನ್ನೂರು! ಕಲ್ಲಿದ್ದಲಿಗಿಂತ ಎರಡೂವರೆ ಪಟ್ಟು ಹೆಚ್ಚು.

ಬ್ರೆಜಿಲ್‌ನ ಅಮೆಜಾನ್ ಕಾಡಿನ ಬಾಲ್ಬಿನಾ ಅಣೆಕಟ್ಟನ್ನೇ ತೆಗೆದುಕೊಳ್ಳಿ. 1980ರ ದಶಕದ ಕೊನೆಗೆ ನೀರು ತುಂಬಿತು. ಜಾಗ ಸಮತಟ್ಟು. ಹಾಗಾಗಿ ಹಿನ್ನೀರು ಸುಮಾರು 2,360 ಚದರ ಕಿಲೋಮೀಟರ್ ಕಾಡನ್ನು ನುಂಗಿತು. ಸಿಕ್ಕಿದ್ದು 250 ಮೆಗಾವ್ಯಾಟ್. ಅಂದರೆ ಮುಳುಗಿದ ಪ್ರತಿ ಚದರ ಮೀಟರ್ ನೆಲಕ್ಕೆ ಒಂದು ವ್ಯಾಟಿನ ಹತ್ತನೇ ಒಂದು ಭಾಗ. ಮುಳುಗಿದ ಮರ, ಎಲೆ, ಮಣ್ಣು ತಳದಲ್ಲಿ ಗಾಳಿಯಿಲ್ಲದೆ ಕೊಳೆತು ಮೀಥೇನ್ ಆಗುತ್ತದೆ. ಟರ್ಬೈನಿಗೆ ಹೋಗುವ ನೀರನ್ನು ಆಳದಿಂದಲೇ ಎಳೆಯುವುದರಿಂದ, ಒತ್ತಡ ತಗ್ಗಿದ ಕೂಡಲೇ ಅದು ಬುಸ್ಸೆಂದು ಹೊರಬರುತ್ತದೆ. ಪರಿಸರ ವಿಜ್ಞಾನಿ ಫಿಲಿಪ್ ಫಿಯರ್ನ್‌ಸೈಡ್ ದಶಕಗಳಿಂದ ಹೇಳುತ್ತಿರುವುದು ಇದನ್ನೇ. ಬಾಲ್ಬಿನಾ ಕೊಡುವಷ್ಟು ಕರೆಂಟನ್ನು ಇಂಧನ ಸುಟ್ಟು ಮಾಡಿದ್ದರೂ ಇದಕ್ಕಿಂತ ಕಡಿಮೆ ಹಾನಿಯಾಗುತ್ತಿತ್ತು.

ಬ್ರೆಜಿಲ್ ಮತ್ತು ಪರಾಗ್ವೇ ಗಡಿಯಲ್ಲಿ ಇಟೈಪು ಇದೆ. 14,000 ಮೆಗಾವ್ಯಾಟ್, ಹಿನ್ನೀರು ಸುಮಾರು 1,350 ಚದರ ಕಿಲೋಮೀಟರ್. ಚದರ ಮೀಟರಿಗೆ ಹತ್ತು ವ್ಯಾಟ್, ಅಂದರೆ ಬಾಲ್ಬಿನಾದ ನೂರು ಪಟ್ಟು. ಎರಡನ್ನೂ ‘ಜಲವಿದ್ಯುತ್’ ಎಂಬ ಒಂದೇ ಸಾಲಿನಲ್ಲಿ ಬರೆದು ಸರಾಸರಿ ತೆಗೆದರೆ ಬರುವ ಅಂಕಿ ಎರಡಕ್ಕೂ ಸೇರಿದ್ದಲ್ಲ. ತಣ್ಣನೆ ಗುಡ್ಡನಾಡಿನಲ್ಲಿ, ಕಡಿದಾದ ಕಣಿವೆಯಲ್ಲಿ ಕಟ್ಟಿದ ಅಣೆಕಟ್ಟು ಗಾಳಿಯಂತ್ರಕ್ಕಿಂತ ಸ್ವಚ್ಛವಿರಬಹುದು. ಬಿಸಿ ಪ್ರದೇಶದ ಚಪ್ಪಟೆ ಕಾಡಿನಲ್ಲಿ ಕಟ್ಟಿದ್ದು ಕಲ್ಲಿದ್ದಲನ್ನೂ ಮೀರಬಹುದು.

ಅಣುವಿನ ಅಂಕಿಗಳ ಜಗಳ

ಅಣುವಿದ್ಯುತ್ತಿನಲ್ಲಿ ಜಗಳ ಇನ್ನೂ ಬಿಸಿ. 2008ರಲ್ಲಿ ಇಂಧನ ನೀತಿಯ ಸಂಶೋಧಕ ಬೆಂಜಮಿನ್ ಸೊವಾಕೂಲ್ 103 ಅಧ್ಯಯನಗಳನ್ನು ಜರಡಿ ಹಿಡಿದು 19ನ್ನು ಉಳಿಸಿಕೊಂಡರು. ಅವುಗಳ ಹರವು 1.4ರಿಂದ 288 ಗ್ರಾಂ, ಸರಾಸರಿ 66. ವಿರೋಧಿಗಳು ಇವತ್ತಿಗೂ ಈ 66ನ್ನು ಹಿಡಿದಿದ್ದಾರೆ. ಪರವಾದವರು 5 ಅಥವಾ 6 ಎನ್ನುತ್ತಾರೆ. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದವರು 2012ರಲ್ಲಿ ಹಳೆಯ ಅಧ್ಯಯನಗಳನ್ನು ಜರಡಿ ಹಿಡಿದು, ಸ್ಥಾವರದ ಆಯುಷ್ಯ, ಲೆಕ್ಕದ ಗಡಿಗಳಂಥ ಊಹೆಗಳನ್ನು ಒಂದೇ ಸಮಕ್ಕೆ ತಂದು ಮತ್ತೆ ಲೆಕ್ಕ ಹಾಕಿದರು. ನಡುಬೆಲೆ 12ಕ್ಕೆ ಬಂದು ನಿಂತಿತು. ಇದು ಪಕ್ಷಪಾತಿಗಳ ಪ್ರಯೋಗಾಲಯವಲ್ಲ, ನೆನಪಿರಲಿ. ಆಗ ಅವರ ಮುಖ್ಯ ಕೆಲಸವೇ ಸೋಲಾರ್, ಗಾಳಿಯಂಥ ಇಂಧನ.

ಇಷ್ಟು ಅಂತರ ಎಲ್ಲಿಂದ ಬಂತು? ದೊಡ್ಡ ಪಾಲು ಯುರೇನಿಯಂ ಸಂವರ್ಧನೆಯಿಂದ, ಅಂದರೆ ರಿಯಾಕ್ಟರಿಗೆ ಬೇಕಾದ ಬಗೆಯ ಯುರೇನಿಯಂನ ಪ್ರಮಾಣ ಹೆಚ್ಚಿಸುವ ಕೆಲಸದಿಂದ. ಹಳೆಯ ಅನಿಲ ವಿಸರಣ ವಿಧಾನಕ್ಕೆ ಪ್ರತಿ ‘ಘಟಕ ಕೆಲಸ’ಕ್ಕೆ (ಸಂವರ್ಧನೆಯನ್ನು ಅಳೆಯುವ ಮಾನ) ಸುಮಾರು 2,400 ಯೂನಿಟ್ ಕರೆಂಟು ಬೇಕಿತ್ತು. ಈಗಿನ ಸೆಂಟ್ರಿಫ್ಯೂಜಿಗೆ, ಅಂದರೆ ಗಿರಗಿರನೆ ತಿರುಗಿಸಿ ಬೇರ್ಪಡಿಸುವ ಯಂತ್ರಕ್ಕೆ, 50 ಸಾಕು. ಹಳೆಯ ವಿಧಾನದ ಎರಡು ಕಾರ್ಖಾನೆಗಳನ್ನು ಹೋಲಿಸಿ. ಅಮೆರಿಕದ ಪಡೂಕಾ ಕಾರ್ಖಾನೆಗೆ ಕರೆಂಟು ಕೊಡಲೆಂದೇ ಜೊಪ್ಪಾ ಎಂಬಲ್ಲಿ ಕಲ್ಲಿದ್ದಲು ಸ್ಥಾವರ ಕಟ್ಟಿದ್ದರು. ಫ್ರಾನ್ಸಿನ ಟ್ರಿಕಾಸ್ಟ್ಯಾಂ ಕಾರ್ಖಾನೆ ಪಕ್ಕದ ಅಣುಸ್ಥಾವರದ ಹತ್ತಿರಹತ್ತಿರ ಮೂರು ರಿಯಾಕ್ಟರುಗಳ ಕರೆಂಟನ್ನು ನುಂಗುತ್ತಿತ್ತು. ನುಂಗುವುದರಲ್ಲಿ ಇಬ್ಬರೂ ಸಮ. ಹೊಗೆಯಲ್ಲಿ ಅಜಗಜಾಂತರ. ಟ್ರಿಕಾಸ್ಟ್ಯಾಂನದು 2012ರಲ್ಲಿ, ಪಡೂಕಾದ್ದು 2013ರಲ್ಲಿ ಮುಚ್ಚಿತು. ಆಮೇಲೆ ಆ ವಿಧಾನದ ಅಂಕಿಗಳನ್ನು ಹೊಸ ಸ್ಥಾವರದ ವಾದಕ್ಕೆ ತರುವುದರಲ್ಲಿ ಅರ್ಥವಿಲ್ಲ.

ಜೀವರಾಶಿಯ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಮರ ಸುಟ್ಟಾಗ ಬಂದ ಇಂಗಾಲವನ್ನು ಮತ್ತೆ ಮರವೇ ಹೀರುತ್ತದೆ ಎಂದು ಚಿಮಣಿಯಲ್ಲಿ ಸೊನ್ನೆ ಬರೆಯುವ ರೂಢಿ ಇದೆ. 2009ರಲ್ಲಿ ಟಿಮೊಥಿ ಸರ್ಚಿಂಜರ್ ಮತ್ತು ಸಂಗಡಿಗರು ಇದನ್ನು ಗಂಭೀರ ಲೆಕ್ಕದ ತಪ್ಪು ಎಂದರು. ಸುಡುವುದಕ್ಕೆ ನಿಮಿಷ ಸಾಕು, ಬೆಳೆಯುವುದಕ್ಕೆ ದಶಕಗಳು ಬೇಕು. ಹೊಲದಲ್ಲಿ ಹೇಗಿದ್ದರೂ ಕೊಳೆಯಲಿದ್ದ ತ್ಯಾಜ್ಯವೂ, ನಿಂತ ಕಾಡನ್ನು ಕಡಿದು, ಮರದ ಪುಡಿ ಒತ್ತಿ ಮಾಡಿದ ಪೆಲೆಟ್ಟೂ ಒಂದೇ ಅಲ್ಲ.

ಗ್ರಾಂಗೆ ಸಿಗದ ಹಾನಿ

ಇಷ್ಟು ಹೊತ್ತು ಇಂಗಾಲದ ಮಾತಷ್ಟೇ ಆಯಿತು. ಎಲ್‌ಸಿಎ ಅದಕ್ಕಷ್ಟೇ ಸೀಮಿತವಲ್ಲ. ಆಮ್ಲಮಳೆ, ಕೆರೆಗಳಿಗೆ ಸೇರುವ ಪೋಷಕಾಂಶ, ವಿಷ, ನೀರು, ನೆಲ, ಲೋಹ ಎಲ್ಲಕ್ಕೂ ಕಾಲಂ ಇದೆ. ಗಾಳಿಯಲ್ಲಿನ ಸೂಕ್ಷ್ಮ ಕಣಗಳ ಕಾಲಂ ತೆರೆದರೆ ಕಲ್ಲಿದ್ದಲು ಮತ್ತೆ ಮೊದಲ ಸ್ಥಾನದಲ್ಲಿದೆ. ಅನಿಲ್ ಮಾರ್ಕಂಡ್ಯ ಮತ್ತು ಪಾಲ್ ವಿಲ್ಕಿನ್‌ಸನ್ 2007ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬರೆದ ಲೆಕ್ಕದಂತೆ, ಯುರೋಪಿನಲ್ಲಿ 100 ಕೋಟಿ ಯೂನಿಟ್ ಕಲ್ಲಿದ್ದಲು ಕರೆಂಟಿಗೆ ಸುಮಾರು 24 ಜನ ಮಾಲಿನ್ಯದಿಂದ ಸಾಯುತ್ತಾರೆ. ಅನಿಲಕ್ಕೆ ಮೂವರಿಗಿಂತ ಕಡಿಮೆ.

ಲೋಹದ ಕಾಲಂ ಬಂದಾಗ ಚಿತ್ರ ತಿರುಗುತ್ತದೆ. ಸೋಲಾರ್, ಗಾಳಿಗೆ ಪ್ರತಿ ಯೂನಿಟ್‌ಗೆ ತಾಮ್ರ, ಅಲ್ಯೂಮಿನಿಯಂ ಹೆಚ್ಚು ಬೇಕು. ಇದನ್ನು ಮುಚ್ಚಿಡಬೇಕಿಲ್ಲ. ಪ್ರಮಾಣ ಮಾತ್ರ ನೋಡಬೇಕು. ಎಡ್ಗರ್ ಹರ್ಟ್‌ವಿಚ್ ಮತ್ತು ಸಂಗಡಿಗರು 2015ರಲ್ಲಿ ಹಾಕಿದ ಲೆಕ್ಕದಂತೆ, 2050ಕ್ಕೆ ಇಡೀ ಜಗತ್ತಿಗೆ ಬೇಕಾದ ಕಡಿಮೆ-ಇಂಗಾಲದ ಕರೆಂಟಿನ ವ್ಯವಸ್ಥೆ ಕಟ್ಟಲು ಆಗಿನ ಎರಡು ವರ್ಷದ ತಾಮ್ರ ಉತ್ಪಾದನೆ, ಒಂದು ವರ್ಷದ ಕಬ್ಬಿಣ ಸಾಕು. ಕಸದ್ದೂ ಹಾಗೇ. ಅಂತರರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆ 2016ರಲ್ಲಿ ಎಚ್ಚರಿಸಿದ್ದು, 2050ರ ಹೊತ್ತಿಗೆ ಒಟ್ಟು 7.8 ಕೋಟಿ ಟನ್ ಹಳೇ ಪ್ಯಾನೆಲ್ ಬೀಳಬಹುದು ಎಂದು. ದೊಡ್ಡ ರಾಶಿಯೇ. ಆದರೆ ಜಗತ್ತಿನ ವಿದ್ಯುತ್ ಸ್ಥಾವರಗಳು ವರ್ಷಕ್ಕೆ 500 ಕೋಟಿ ಟನ್ನಿಗಿಂತ ಹೆಚ್ಚು ಕಲ್ಲಿದ್ದಲು ಸುಡುತ್ತವೆ. ಹತ್ತರಲ್ಲೊಂದು ಪಾಲು ಬೂದಿ ಎಂದಿಟ್ಟರೂ ವರ್ಷಕ್ಕೆ 50 ಕೋಟಿ ಟನ್. ಪ್ಯಾನೆಲ್ಲಿನ ಆ ದಶಕಗಳ ಕಸವನ್ನು ಬೂದಿ ಎರಡು ತಿಂಗಳಲ್ಲಿ ದಾಟುತ್ತದೆ.

ಇನ್ನು ಈ ವಿಧಾನಕ್ಕೆ ಕಾಣದೇ ಇರುವುದೂ ಇದೆ. ಗಾಳಿಯಂತ್ರದ ಆಯಸ್ಕಾಂತಕ್ಕೆ ಬೇಕಾದ ನಿಯೋಡಿಮಿಯಂ ಬಹುಪಾಲು ಬರುವುದು ಚೀನಾದಿಂದ. ಅಲ್ಲಿ ಬಾವೊಟೊ ನಗರದ ಹೊರಗೆ ಅದಿರು ಸಂಸ್ಕರಣೆಯ ಕೊಚ್ಚೆ ನಿಂತ ದೊಡ್ಡ ಕೆರೆಯೇ ಇದೆ. ಲೆಕ್ಕದ ಹಾಳೆಯಲ್ಲಿ ಅದು ‘ಇಷ್ಟು ಕಿಲೋ ವಿಷಕ್ಕೆ ಸಮ’ ಎಂದು ಕರಗಿಹೋಗುತ್ತದೆ. ಯಾರ ಬಾವಿಯ ನೀರು ಕೆಟ್ಟಿತು ಎನ್ನುವುದು ಅಲ್ಲಿ ಬರುವುದಿಲ್ಲ. ಅಪಘಾತಗಳೂ ಹಾಗೇ. ಎಲ್‌ಸಿಎ ಅಳೆಯುವುದು ಎಲ್ಲ ಸರಿಯಾಗಿ ನಡೆದ ದಿನಗಳನ್ನು. 1975ರಲ್ಲಿ ಚೀನಾದಲ್ಲಿ ಒಡೆದ ಬಾನ್‌ಚಿಯಾವೊ ಅಣೆಕಟ್ಟು, 2008ರ ಡಿಸೆಂಬರಿನಲ್ಲಿ ಅಮೆರಿಕದ ಟೆನೆಸಿಯ ಕಿಂಗ್‌ಸ್ಟನ್‌ನಲ್ಲಿ ಕಟ್ಟೆ ಒಡೆದು ಹರಿದ ಸುಮಾರು 40 ಲಕ್ಷ ಘನ ಮೀಟರ್ ಬೂದಿ, 2011ರ ಫುಕುಶಿಮಾ ಇವೆಲ್ಲ ಬೇರೆ ಪುಸ್ತಕದ ಲೆಕ್ಕ. ಸ್ವಿಟ್ಜರ್ಲೆಂಡಿನ ಪಾಲ್ ಶೆರರ್ ಸಂಸ್ಥೆ ಇಂಧನ ಕ್ಷೇತ್ರದ ಅಪಘಾತಗಳನ್ನೇ ದಾಖಲಿಸುವ ಪ್ರತ್ಯೇಕ ಮಾಹಿತಿಕೋಶ ಇಟ್ಟಿದೆ. ಎರಡನ್ನೂ ಕೂಡಿಸಿ ಒಂದೇ ಅಂಕಿ ಮಾಡುವ ಆಸೆ ಹಲವರಿಗಿದೆ. ನನಗೆ ಅದು ಸರಿ ಕಾಣುವುದಿಲ್ಲ. ಕೂಡಿಸಬೇಕಾದರೆ ಒಂದು ಹೆಕ್ಟೇರ್ ಕಾಡಿಗೆ ಎಷ್ಟು ಅಂಕ, ಒಂದು ಜೀವಕ್ಕೆ ಎಷ್ಟು ಅಂಕ ಎಂದು ಯಾರೋ ಒಬ್ಬರು ಕೂತು ತೀರ್ಮಾನಿಸಬೇಕು.

ಸಂಜೆಯ ಯೂನಿಟ್ಟು, ಮಧ್ಯಾಹ್ನದ ಯೂನಿಟ್ಟು

ಲೆಕ್ಕದ ತಳದಲ್ಲೇ ಇನ್ನೊಂದು ತೊಡಕಿದೆ. ಎಲ್ಲವನ್ನೂ ಒಂದು ಯೂನಿಟ್‌ಗೆ ಭಾಗಿಸುತ್ತೇವೆ. ಆದರೆ ಮಧ್ಯಾಹ್ನ ಸಿಕ್ಕ ಯೂನಿಟ್ ಸಂಜೆ ಏಳಕ್ಕೆ ದೀಪ ಹಚ್ಚುವುದಿಲ್ಲ. ಸೋಲಾರಿನ ಜೊತೆ ಬ್ಯಾಟರಿ ಸೇರಿಸಿ ಲೆಕ್ಕ ಹಾಕಬೇಕು ಎಂಬ ಆಕ್ಷೇಪ ಸರಿಯಾದದ್ದೇ. ಹಾಕೋಣ. ಸ್ವೀಡನ್ನಿನ ಐವಿಎಲ್ ಸಂಸ್ಥೆ 2019ರಲ್ಲಿ ಹೇಳಿದಂತೆ, ಒಂದು ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ ತಯಾರಿಸಲು 61ರಿಂದ 106 ಕಿಲೋ ಹೊಗೆ. 80 ಎಂದಿಟ್ಟುಕೊಂಡು, 4000 ಸಲ ತುಂಬಿ ಖಾಲಿ ಮಾಡಿದರೆ, ಹಾಯ್ದುಹೋದ ಪ್ರತಿ ಯೂನಿಟ್‌ಗೆ 20 ಗ್ರಾಂ ಸೇರುತ್ತದೆ. ಸೋಲಾರಿನ ಅಂಕಿ ದುಪ್ಪಟ್ಟಾದರೂ ಆಗಬಹುದು. ಕಲ್ಲಿದ್ದಲಿನ ಹತ್ತಿರಕ್ಕಂತೂ ಹೋಗುವುದಿಲ್ಲ. ಹಾಗೆಯೇ ಎಲ್ಲ ಯೂನಿಟ್ಟೂ ಬ್ಯಾಟರಿಯ ಮೂಲಕ ಹೋಗಬೇಕಿಲ್ಲ.

ಹೊಗೆಯನ್ನು ಯಾರ ಲೆಕ್ಕಕ್ಕೆ ಬರೆಯಬೇಕು ಎನ್ನುವುದರಲ್ಲೂ ಪರಿಣತರೇ ಎರಡು ಪಂಗಡ. ಒಬ್ಬರು ಇರುವ ಸ್ಥಾವರಕ್ಕೆ ಅದರ ಪಾಲಿನ ಹೊಗೆಯನ್ನು ಹಂಚುತ್ತಾರೆ. ಇನ್ನೊಬ್ಬರು, ಈ ಹೊಸ ಸ್ಥಾವರ ಬಂದರೆ ಗ್ರಿಡ್ಡಿನಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಹೆಚ್ಚು ಓಡುತ್ತದೆ ಎಂದು ನೋಡುತ್ತಾರೆ. ನೀತಿ ಮಾಡುವವರಿಗೆ ಎರಡನೆಯದು ಹೆಚ್ಚು ಬೇಕು. ಸಿಗುವುದು ಹೆಚ್ಚಾಗಿ ಮೊದಲನೆಯದು, ಏಕೆಂದರೆ ಅದು ಸುಲಭ.

ಇನ್ನೂ ಒಂದು ಬದಲಾವಣೆ ಸದ್ದಿಲ್ಲದೆ ನಡೆಯುತ್ತಿದೆ. ಪ್ಯಾನೆಲ್ಲಿನ ಒಳಗಿನ ಹೊಗೆ ಕಾರ್ಖಾನೆಯ ಗ್ರಿಡ್ಡಿನದು ಎಂದೆವು. ಆ ಗ್ರಿಡ್ ಸ್ವಚ್ಛವಾದಂತೆ ಪ್ಯಾನೆಲ್ಲೂ ಸ್ವಚ್ಛವಾಗುತ್ತದೆ. ಮಿಖಾಯಾ ಪೆಲ್ ಮತ್ತು ಸಂಗಡಿಗರು 2017ರಲ್ಲಿ ಇದನ್ನೇ ಮುಂದಕ್ಕೆ ಓಡಿಸಿ ನೋಡಿದರು. ಜಗತ್ತು ಹವಾಮಾನ ಗುರಿಯ ದಾರಿಯಲ್ಲಿ ನಡೆದರೆ 2050ಕ್ಕೆ ಸೋಲಾರ್, ಗಾಳಿ, ಅಣು ಮೂರೂ ಯೂನಿಟ್‌ಗೆ 3.5ರಿಂದ 12 ಗ್ರಾಂಗಳ ನಡುವೆ ಬರುತ್ತವೆ ಎಂದು ಸಿಕ್ಕಿತು. ಹೊಗೆ ಹಿಡಿಯುವ ಕಲ್ಲಿದ್ದಲು ಸ್ಥಾವರ ನೂರರ ಆಸುಪಾಸಿನಲ್ಲೇ ಉಳಿಯುತ್ತದೆ.

ಹಾಗಾಗಿ ಈ ಲೆಕ್ಕವನ್ನು ಗೆದ್ದವರು ಯಾರು ಎಂದು ಹೇಳಲು ಬಳಸುವುದಕ್ಕಿಂತ, ಸರಪಳಿಯ ಯಾವ ಕೊಂಡಿ ಕೊಳಕಾಗಿದೆ ಎಂದು ಹುಡುಕಲು ಬಳಸುವುದರಲ್ಲಿ ಹೆಚ್ಚು ಲಾಭ. ಕೆಲವು ಸರ್ಕಾರಗಳು ಅದನ್ನು ಶುರು ಮಾಡಿವೆ. ಫ್ರಾನ್ಸ್ ತನ್ನ ಸೋಲಾರ್ ಟೆಂಡರುಗಳಲ್ಲಿ ಪ್ಯಾನೆಲ್ಲಿನ ಇಂಗಾಲದ ಲೆಕ್ಕವನ್ನೂ ಕೇಳುತ್ತದೆ. ದಕ್ಷಿಣ ಕೊರಿಯಾ 2020ರಲ್ಲಿ ಇದೇ ಥರದ ಪ್ರಮಾಣಪತ್ರ ತಂದಿತು. ಹೀಗೆ ಕೇಳಿದಾಗ ತಯಾರಕರು ಯಾವ ಕರೆಂಟಿನಿಂದ ಸಿಲಿಕಾನ್ ಕಾಯಿಸುತ್ತಾರೆ ಎನ್ನುವುದಕ್ಕೂ ಬೆಲೆ ಬರುತ್ತದೆ.

ಯುರೋಪಿಯನ್ ಒಕ್ಕೂಟ ಇನ್ನೂ ಮುಂದೆ ಹೋಗಿ ಗ್ರಾಂ ಲೆಕ್ಕವನ್ನು ಕಾನೂನಿಗೇ ಸೇರಿಸಿದೆ. ಯಾವ ಹೂಡಿಕೆಯನ್ನು ‘ಹಸಿರು’ ಎನ್ನಬಹುದು ಎಂಬ ಅದರ ನಿಯಮದಲ್ಲಿ ವಿದ್ಯುತ್ತಿನ ಗೆರೆ ಯೂನಿಟ್‌ಗೆ 100 ಗ್ರಾಂ, ಅದೂ ಇಡೀ ಜೀವನಚಕ್ರದ್ದು. ಸೋಲಾರ್, ಗಾಳಿಗೆ ಲೆಕ್ಕ ತೋರಿಸುವ ಗೋಜಿಲ್ಲ. ಜಲವಿದ್ಯುತ್ತಿಗೆ ಹಿನ್ನೀರಿಲ್ಲದಿರಬೇಕು, ಇಲ್ಲವೇ ಚದರ ಮೀಟರಿಗೆ 5 ವ್ಯಾಟ್ ದಾಟಬೇಕು, ಇಲ್ಲವೇ 100 ಗ್ರಾಂ ಒಳಗಿರುವುದನ್ನು ತೋರಿಸಬೇಕು. ಬಾಲ್ಬಿನಾದಂಥದ್ದು ಇಲ್ಲಿ ಬೀಳುತ್ತದೆ, ಇಟೈಪುವಿನಂಥದ್ದು ಪಾರಾಗುತ್ತದೆ. ಬುದ್ಧಿವಂತಿಕೆಯ ನಿಯಮ.

ಆದರೆ 2022ರಲ್ಲಿ ಸೇರಿಸಿದ ಅನಿಲದ ಅಧ್ಯಾಯದಲ್ಲಿ ಇನ್ನೊಂದು ಬಾಗಿಲಿದೆ. 2030ರೊಳಗೆ ಪರವಾನಗಿ ಪಡೆದ ಅನಿಲ ಸ್ಥಾವರ ಬೇರೆ ಕೆಲವು ಷರತ್ತುಗಳ ಜೊತೆ ಯೂನಿಟ್‌ಗೆ 270 ಗ್ರಾಂ ಒಳಗಿದ್ದರೆ ಸಾಕು, ಅಥವಾ 20 ವರ್ಷದ ಸರಾಸರಿಯಲ್ಲಿ ಪ್ರತಿ ಕಿಲೋವ್ಯಾಟ್ ಸಾಮರ್ಥ್ಯಕ್ಕೆ ವರ್ಷಕ್ಕೆ 550 ಕಿಲೋ ಮೀರದಿದ್ದರೆ ಸಾಕು. ಮೇಲೆ ನಾವು ಹಾಕಿದ 360 ಗ್ರಾಂ ಲೆಕ್ಕ ಹಿಡಿದರೆ, ಅಂಥ ಸ್ಥಾವರ ವರ್ಷದ 8,760 ಗಂಟೆಗಳಲ್ಲಿ ಸುಮಾರು 1,500 ಗಂಟೆ ಪೂರ್ತಿ ಓಡಬಹುದು. ಈ ಎರಡೂ ಮಿತಿಗಳು ನೇರ ಹೊಗೆಯವು, ಅಂದರೆ ಚಿಮಣಿಯವು. ಬಾವಿಯಲ್ಲಿ, ನೂರಾರು ಕಿಲೋಮೀಟರ್ ಪೈಪಿನಲ್ಲಿ ಸೋರಿದ ಮೀಥೇನ್ ಅವುಗಳೊಳಗೆ ಬರುವುದಿಲ್ಲ. 2024ರಲ್ಲಿ ಬಂದ ಪ್ರತ್ಯೇಕ ಮೀಥೇನ್ ನಿಯಮ ಸೋರಿಕೆ ಹುಡುಕಿ ಮುಚ್ಚಲು ಹೇಳುತ್ತದೆ, ಆಮದಾಗುವ ಅನಿಲಕ್ಕೂ ಹಂತಹಂತವಾಗಿ ಅಳತೆ ಕೇಳುತ್ತದೆ. ಆ ಅಳತೆಗಳು ಸಿಗತೊಡಗಿದ ಮೇಲೂ 270ರ ಗೆರೆಯನ್ನು ಚಿಮಣಿಯ ಬಾಯಲ್ಲೇ ಬಿಡುತ್ತಾರಾ ಎನ್ನುವುದು ಮುಂದಿನ ಪ್ರಶ್ನೆ.